ಮೂರು ಬಗೆಯ ಎಲೆಯ ಮರ

ಒಂದೇ ಕೊಂಬೆಯಲ್ಲಿ ಮೂರು ಆಕಾರದ ಎಲೆ ಬಿಡುವ ಮರವೊಂದು ಅಮೆರಿಕದ ಪೂರ್ವ ಭಾಗದಲ್ಲಿದೆ. ಒಂದು ಎಲೆ ನಮ್ಮ ಹಲಸಿನ ಎಲೆಯಂತೆ ಅಖಂಡ. ಇನ್ನೊಂದಕ್ಕೆ ಪಕ್ಕದಲ್ಲಿ ಹೆಬ್ಬೆರಳು ಮೂಡಿದಂತಿದ್ದು, ಚಳಿದೇಶದ ಮಕ್ಕಳು ತೊಡುವ ಉಣ್ಣೆಯ ಕೈಗವಸಿನ ಹಾಗೆ ಕಾಣುತ್ತದೆ. ಮೂರನೆಯದಕ್ಕೆ ಮೂರು ಬೆರಳು. ಮರದ ಹೆಸರು ಸ್ಯಾಸಫ್ರಾಸ್. ಹೆಸರು ನಮ್ಮ ನಾಲಿಗೆಗೆ ತೊಡಕಾದರೂ ಮರ ತೀರ ಪರಕೀಯವೇನಲ್ಲ. ನಮ್ಮ ಮಲೆನಾಡಿನ ದಾಲ್ಚಿನ್ನಿ, ದೇವರ ಮುಂದೆ ಹಚ್ಚುವ ಕರ್ಪೂರ ಕೊಡುವ ಮರ, ಕೊಡಗು ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಬೆಳೆಯುವ ಬೆಣ್ಣೆಹಣ್ಣು, ಇವೆಲ್ಲ ಒಂದೇ ಕುಟುಂಬದವು. ಸ್ಯಾಸಫ್ರಾಸ್ ಈ ಕುಟುಂಬದಲ್ಲಿ ಚಳಿಯ ಕಡೆಗೆ ಮದುವೆಯಾಗಿ ಹೋದ ಹೆಣ್ಣುಮಗಳಿದ್ದಂತೆ. ಇಡೀ ಜಗತ್ತಿನಲ್ಲಿ ಅದರ ಒಡಹುಟ್ಟಿದವರು ಇಬ್ಬರೇ, ಒಂದು ಚೀನಾದಲ್ಲಿ, ಇನ್ನೊಂದು ತೈವಾನಿನಲ್ಲಿ.

ಮಗಳು ಉತ್ತರ ಕೆರೊಲಿನಾದಲ್ಲಿ ನೆಲೆಸಿದ ಮೇಲೆ ನನಗೆ ಈ ಮರದ ಪರಿಚಯವಾಯಿತು. ಅಲ್ಲಿ ಅದನ್ನು ಹುಡುಕಿಕೊಂಡು ದಟ್ಟ ಕಾಡಿಗೆ ಹೋಗಬೇಕಿಲ್ಲ. ಉಳುಮೆ ಬಿಟ್ಟ ಹೊಲ, ರಸ್ತೆಯ ಅಂಚು, ಬೇಲಿಯ ಸಾಲು, ಬಿಸಿಲು ಬೀಳುವ ಇಂಥ ಕಡೆಯೆಲ್ಲ ಯಾರೂ ನೆಡದೆ ತಾನಾಗಿ ಎದ್ದು ನಿಂತಿರುತ್ತದೆ. ನಮ್ಮ ರೇಷ್ಮೆ ಸೀಮೆಯವರು ಮೊದಲ ನೋಟಕ್ಕೆ ಹಿಪ್ಪುನೇರಳೆ ಎಂದುಕೊಂಡಾರು, ಏಕೆಂದರೆ ಹಿಪ್ಪುನೇರಳೆಗೂ ಹೀಗೆ ಸೀಳಿದ ಮತ್ತು ಸೀಳದ ಎಲೆಗಳು ಒಟ್ಟಿಗೇ ಬರುವುದುಂಟು. ಆದರೆ ಹಿಪ್ಪುನೇರಳೆಯ ಎಲೆಯಂಚು ಗರಗಸ, ಕಿತ್ತರೆ ಹಾಲು ಒಸರುತ್ತದೆ. ಸ್ಯಾಸಫ್ರಾಸಿನ ಅಂಚು ನುಣುಪು, ಹಾಲಿಲ್ಲ. ಅಂಗೈಯಲ್ಲಿಟ್ಟು ಹಿಸುಕಿದರೆ ನಿಂಬೆಯ ಪರಿಮಳ. ಎಳೆಯ ರೆಂಬೆಗಳು ಚಳಿಗಾಲದಲ್ಲಿ ಎಲೆ ಉದುರಿದ ಮೇಲೂ ಹಸಿರಾಗಿಯೇ ಇರುತ್ತವೆ. ಬೇರಿನ ತೊಗಟೆಯನ್ನು ಉಗುರಿನಿಂದ ಕೆರೆದು ಮೂಸಿದರೆ ನನಗೆ ಥಟ್ಟನೆ ನೆನಪಾದದ್ದು ನಮ್ಮ ಸೊಗದೆ ಬೇರಿನ ಶರಬತ್ತು. ಕೆಲವರು ನಾಮದ ಬೇರು ಎನ್ನುತ್ತಾರಲ್ಲ, ಅದೇ. ಎರಡಕ್ಕೂ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಯಾವ ನೆಂಟಸ್ತಿಕೆಯೂ ಇಲ್ಲ, ಆದರೆ ಮೂಗು ಸಸ್ಯಶಾಸ್ತ್ರ ಓದಿರುವುದಿಲ್ಲವಲ್ಲ.

ಈ ಬೇರಿಗಾಗಿ ಒಂದು ಕಾಲದಲ್ಲಿ ಹಡಗುಗಳು ಅಟ್ಲಾಂಟಿಕ್ ಸಾಗರ ದಾಟಿದವು ಎಂದರೆ ನಂಬುವುದು ಕಷ್ಟ. ಮೆಣಸಿಗಾಗಿ ನಮ್ಮ ಕರಾವಳಿಗೆ ಬಂದ ಹಡಗುಗಳ ಕಥೆ ನಮಗೆ ಶಾಲೆಯಲ್ಲಿ ಬಾಯಿಪಾಠ. ಸ್ಯಾಸಫ್ರಾಸಿನದು ಅದರ ಪುಟ್ಟ ತಂಗಿಯಂಥ ಕಥೆ.

ಸ್ಪೇನಿನ ಸೆವಿಲ್ ನಗರದಲ್ಲಿ ನಿಕೊಲಾಸ್ ಮೊನಾರ್ಡೆಸ್ ಎಂಬ ವೈದ್ಯನಿದ್ದ. ಅಮೆರಿಕಕ್ಕೆ ಒಮ್ಮೆಯೂ ಕಾಲಿಟ್ಟವನಲ್ಲ. ಆದರೆ ಅಲ್ಲಿಂದ ಬಂದ ಹಡಗುಗಳಲ್ಲಿ ಇಳಿಯುವ ಬೇರು, ತೊಗಟೆ, ಬೀಜಗಳನ್ನೆಲ್ಲ ತರಿಸಿಕೊಂಡು, ತಂದವರ ಬಾಯಿಂದ ಕೇಳಿಕೊಂಡು ದೊಡ್ಡ ಪುಸ್ತಕವನ್ನೇ ಬರೆದ. ಅದು 1577ರಲ್ಲಿ ಇಂಗ್ಲಿಷಿಗೂ ಬಂತು. ಸ್ಯಾಸಫ್ರಾಸಿನ ವಿಷಯ ಅವನಿಗೆ ಹೇಳಿದವನು ಫ್ಲಾರಿಡಾಕ್ಕೆ ಹೋಗಿ ಬಂದಿದ್ದ ಒಬ್ಬ ಫ್ರೆಂಚ್ ಮನುಷ್ಯ. ಅಲ್ಲಿ ಜ್ವರದಿಂದ ಮಲಗಿದ ಫ್ರೆಂಚರಿಗೆ ಸ್ಥಳೀಯ ಮೂಲನಿವಾಸಿಗಳು ಈ ಬೇರಿನ ಕಷಾಯ ಕೊಟ್ಟು ತೋರಿಸಿದ್ದರು, ಆಮೇಲೆ ಬಂದ ಸ್ಪೇನಿನವರು ಫ್ರೆಂಚರಿಂದ ಕಲಿತರು. ಹೀಗೆ ಮೂರು ಬಾಯಿ ದಾಟಿ ಬಂದ ಮದ್ದು ಮೊನಾರ್ಡೆಸನ ಪುಸ್ತಕ ಸೇರುವ ಹೊತ್ತಿಗೆ ಜ್ವರಕ್ಕೆ, ತಲೆನೋವಿಗೆ, ಹೊಟ್ಟೆಗೆ, ಸಂದು ನೋವಿಗೆ, ಮಕ್ಕಳಾಗದವರಿಗೆ, ಹೀಗೆ ಸಕಲಕ್ಕೂ ರಾಮಬಾಣವಾಗಿತ್ತು. ಸಂತೆಯಲ್ಲಿ ಒಂದೇ ಬೇರಿನಿಂದ ಸರ್ವರೋಗ ವಾಸಿ ಎಂದು ಕೂಗುವವನನ್ನು ಕಂಡು ನಾವು ನಗುತ್ತೇವೆ. ಆಗ ಯುರೋಪಿನ ದೊಡ್ಡ ದೊಡ್ಡ ವೈದ್ಯರು ಅದನ್ನೇ ಲ್ಯಾಟಿನ್ ಸೇರಿಸಿ ಹೇಳುತ್ತಿದ್ದರು, ಅಷ್ಟೆ ವ್ಯತ್ಯಾಸ.

ಅಸಲು ಬೇಡಿಕೆ ಹುಟ್ಟಿದ್ದು ಮಾತ್ರ ಬೇರೊಂದು ಕಾರಣಕ್ಕೆ. ಆಗ ಯುರೋಪಿನ ತುಂಬ ಸಿಫಿಲಿಸ್ ಹರಡಿತ್ತು. ಅದು ಯಾವ ಮೂಲದಿಂದ ಬಂತೆಂದು ಬಾಯಿಬಿಟ್ಟು ಹೇಳಲಾರದ ಗಂಡಸರು, ಗಂಡನಿಂದ ಬಂದದ್ದನ್ನು ತಮ್ಮದೇ ಕರ್ಮವೆಂದು ಅನುಭವಿಸಿದ ಹೆಂಡಂದಿರು ಲೆಕ್ಕವಿಲ್ಲದಷ್ಟು. ಈ ರೋಗ ನಮ್ಮ ದೇಶಕ್ಕೂ ಪೋರ್ಚುಗೀಸರ ಕಾಲದಲ್ಲೇ ಬಂತು. 16ನೇ ಶತಮಾನದಲ್ಲಿ ಭಾವಮಿಶ್ರ ಬರೆದ ‘ಭಾವಪ್ರಕಾಶ’ ಎಂಬ ಆಯುರ್ವೇದ ಗ್ರಂಥ ಅದನ್ನು ಫಿರಂಗ ರೋಗ ಎಂದೇ ಕರೆಯುತ್ತದೆ, ಫಿರಂಗಿಗಳ ಜೊತೆ ಬಂದದ್ದು ಎಂಬ ಅರ್ಥದಲ್ಲಿ. ಅದಕ್ಕೆ ಇಲ್ಲಿ ಹೇಳಿದ ಮದ್ದು ಚೀನಾ ಕಡೆಯಿಂದ ಬಂದ ಚೋಪಚೀನಿ ಎಂಬ ಬೇರು. ಗೋವೆಯಲ್ಲಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯ ಡ ಓರ್ತಾ 1563ರಲ್ಲಿ ಅಲ್ಲೇ ಅಚ್ಚು ಹಾಕಿಸಿದ ಪುಸ್ತಕದಲ್ಲೂ ಈ ಬೇರಿನ ಸಂಗತಿಯಿದೆ. ಪೂರ್ವದಲ್ಲಿ ಚೋಪಚೀನಿ, ಪಶ್ಚಿಮದಲ್ಲಿ ಸ್ಯಾಸಫ್ರಾಸ್. ಒಂದೇ ಕಾಯಿಲೆಯ ಹಿಂದೆ ಜಗತ್ತಿನ ಎರಡು ಕೊನೆಗಳಲ್ಲಿ ಎರಡು ಬೇರುಗಳ ವ್ಯಾಪಾರ ನಡೆದಿತ್ತು. ಎರಡರಿಂದಲೂ ಆ ರೋಗ ವಾಸಿಯಾಗುತ್ತಿರಲಿಲ್ಲ. ವಾಸಿ ಮಾಡುವ ಪೆನಿಸಿಲಿನ್ ಬಳಕೆಗೆ ಬರಲು 1943ರವರೆಗೆ ಕಾಯಬೇಕಾಯಿತು.

ವಾಸಿಯಾಗದಿದ್ದರೇನು, ಬೆಲೆಯಂತೂ ಇತ್ತು. ಇಂಗ್ಲೆಂಡಿನಲ್ಲಿ ಒಂದು ಪೌಂಡ್ ಸ್ಯಾಸಫ್ರಾಸಿಗೆ ಹತ್ತರಿಂದ ಇಪ್ಪತ್ತು ಶಿಲ್ಲಿಂಗ್ ಬರುತ್ತಿತ್ತೆಂದು ಸರ್ ವಾಲ್ಟರ್ ರ‍್ಯಾಲಿ 1602ರ ಒಂದು ಕಾಗದದಲ್ಲಿ ಬರೆದಿದ್ದಾನೆ. ಕೂಲಿಯವನ ಒಂದು ದಿನದ ಸಂಬಳ ಒಂದು ಶಿಲ್ಲಿಂಗಿನ ಆಸುಪಾಸಿನಲ್ಲಿದ್ದ ಕಾಲವದು. ರ‍್ಯಾಲಿಯ ಕಾಗದ ದೂರಿನ ಕಾಗದ. ಆ ವರ್ಷ ಬಾರ್ಥಲೊಮ್ಯು ಗಾಸ್ನೊಲ್ಡ್ ಎಂಬ ಕಪ್ತಾನನ ಹಡಗು ಅಪ್ಪಣೆ ಕೇಳದೆ ಅಮೆರಿಕದ ಕೇಪ್ ಕಾಡ್ ಕಡೆ ಹೋಗಿ ಸ್ಯಾಸಫ್ರಾಸ್ ತುಂಬಿಕೊಂಡು ಬಂದಿತ್ತು. ಮಾಲು ಹೆಚ್ಚಾಗಿ ಪೇಟೆಯಲ್ಲಿ ಬೆಲೆ ಬಿದ್ದುಹೋಗುತ್ತದೆಂಬುದು ರ‍್ಯಾಲಿಯ ಸಂಕಟ.

ಮರು ವರ್ಷ, 1603ರಲ್ಲಿ, ಬ್ರಿಸ್ಟಲಿನ ವ್ಯಾಪಾರಿಗಳು ಮಾರ್ಟಿನ್ ಪ್ರಿಂಗ್ ಎಂಬ ತರುಣನನ್ನು ಎರಡು ಹಡಗು ಕೊಟ್ಟು ಇದೇ ಬೇರಿಗಾಗಿ ಕಳುಹಿಸಿದರು. ಪ್ರಿಂಗನ ವೃತ್ತಾಂತ ಓದಲು ಸ್ವಾರಸ್ಯವಾಗಿದೆ. ಅವನ ಜೊತೆಯಲ್ಲಿದ್ದ ಒಬ್ಬ ಹುಡುಗ ತಂತಿವಾದ್ಯ ನುಡಿಸುತ್ತಿದ್ದನಂತೆ. ಅಲ್ಲಿನ ಜನ ಅವನ ಸುತ್ತ ಕುಣಿಯುತ್ತಿದ್ದರಂತೆ, ಅವನಿಗೆ ಕಾಣಿಕೆ ಕೊಡುತ್ತಿದ್ದರಂತೆ. ಅದೇ ಹಡಗಿನಲ್ಲಿ ಎರಡು ಭಾರಿ ನಾಯಿಗಳೂ ಇದ್ದವು, ಒಂದರ ಹೆಸರು ಫೂಲ್, ಇನ್ನೊಂದರದು ಗ್ಯಾಲಂಟ್. ಜನರನ್ನು ದೂರ ಇಡಬೇಕೆನಿಸಿದಾಗ ಈ ನಾಯಿಗಳನ್ನು ಬಿಡುತ್ತಿದ್ದರು. ಸಂಗೀತವೂ ನಾಯಿಯೂ ಒಂದೇ ಹಡಗಿನಲ್ಲಿ ಬಂದವೆಂಬುದನ್ನು ಪ್ರಿಂಗ್ ಯಾವ ಮುಜುಗರವೂ ಇಲ್ಲದೆ ಬರೆದಿದ್ದಾನೆ. ಇವರು ಹೊರಡುವ ಹಿಂದಿನ ದಿನ ಆ ಜನ, ಇವರು ಮರ ಕಡಿಯುತ್ತಿದ್ದ ಕಾಡಿಗೇ ಬೆಂಕಿಯಿಟ್ಟರು. ಒಂದು ಮೈಲಿಯುದ್ದಕ್ಕೂ ಕಾಡು ಉರಿಯುವುದನ್ನು ಹಡಗಿನವರು ನೋಡಿದರು. ಏಕೆ ಇಟ್ಟರೆಂದು ಪ್ರಿಂಗ್ ಬರೆಯುವುದಿಲ್ಲ. ತಮ್ಮ ಮದ್ದಿನ ಮರವನ್ನು ಬೇರುಸಹಿತ ಕೀಳುವವರಿಗೆ ಇನ್ನು ಬರಬೇಡಿ ಎಂದು ಹೇಳಲು ಬೇರೆ ಭಾಷೆ ಅವರಲ್ಲಿರಲಿಲ್ಲವೆಂದು ನಾನು ಅರ್ಥ ಮಾಡಿಕೊಂಡಿದ್ದೇನೆ.

ಆಮೇಲೆ ತಂಬಾಕು ಬಂತು. ವರ್ಜೀನಿಯಾದ ವ್ಯಾಪಾರಿಗಳಿಗೆ ಅದರಲ್ಲೇ ಹೆಚ್ಚು ದುಡ್ಡು ಕಂಡಿತು. ಸ್ಯಾಸಫ್ರಾಸ್ ಔಷಧಿ ಅಂಗಡಿಯಿಂದ ಇಳಿದು ಬೀದಿಗೆ ಬಂತು. ಲಂಡನ್ನಿನಲ್ಲಿ ಬೆಳಗಿನ ಜಾವ ಬೀದಿಯ ಮೂಲೆಗಳಲ್ಲಿ ಈ ಬೇರಿನ ಬಿಸಿ ಕಷಾಯಕ್ಕೆ ಹಾಲು ಸಕ್ಕರೆ ಬೆರೆಸಿ ‘ಸಲೂಪ್’ ಎಂದು ಮಾರುತ್ತಿದ್ದರು. ಚಾರ್ಲ್ಸ್ ಲ್ಯಾಂಬ್ 1822ರಲ್ಲಿ ಬರೆದ ಚಿಮಣಿ ಗುಡಿಸುವ ಹುಡುಗರ ಮೇಲಿನ ಪ್ರಬಂಧದಲ್ಲಿ ಅದು ಬರುತ್ತದೆ. ಮಸಿ ಮೆತ್ತಿದ ಆ ಪುಟ್ಟ ಹುಡುಗರಿಗೆ ಅದು ಪಂಚಾಮೃತ. ಕೊಳ್ಳಲು ಕಾಸಿಲ್ಲದವನು ಅದರ ಹಬೆಯ ಮೇಲೆ ಮುಖ ಚಾಚಿ ನಿಲ್ಲುತ್ತಿದ್ದನಂತೆ.

ಅಮೆರಿಕದಲ್ಲಿ ಇದು ಹಳ್ಳಿಮನೆಗಳ ಪಾನಕವಾಗಿ ಉಳಿಯಿತು. ಅಪಲೇಚಿಯನ್ ಬೆಟ್ಟಗಳ ಕಡೆಯ ಅಜ್ಜಿಯರು ಚಳಿಗಾಲ ಮುಗಿಯುತ್ತಲೇ ಬೇರು ಅಗೆದು, ಕೆಂಪಗೆ ಕುದಿಸಿ ಮಕ್ಕಳಿಗೆಲ್ಲ ಕುಡಿಸುತ್ತಿದ್ದರು. ಚಳಿಗಾಲದಲ್ಲಿ ಗಟ್ಟಿಯಾದ ರಕ್ತ ಅದರಿಂದ ತೆಳುವಾಗುತ್ತದೆಂದು ನಂಬಿಕೆ. ನಮ್ಮ ಯುಗಾದಿಯ ಬೇವಿನ ಹಾಗೆ. ಕೋಳಿಗೂಡಿನ ಗಳು ಈ ಮರದ್ದಾದರೆ ಹೇನು ಹತ್ತುವುದಿಲ್ಲ, ಮಂಚ ಈ ಮರದ್ದಾದರೆ ತಿಗಣೆ ಬರುವುದಿಲ್ಲ, ಒಲೆಗೆ ಮಾತ್ರ ಈ ಸೌದೆ ಇಡಬಾರದು, ಮನೆಗೆ ಕೇಡು. ಎಲ್ಲಿ ಹೋದರೂ ಅಜ್ಜಿಯರು ಅಜ್ಜಿಯರೇ!

ಫಿಲಡೆಲ್ಫಿಯಾದ ಔಷಧಿ ವ್ಯಾಪಾರಿ ಚಾರ್ಲ್ಸ್ ಹೈರ್ಸ್ ಮಧುಚಂದ್ರಕ್ಕೆ ಹೋದಾಗ, ತಂಗಿದ್ದ ಮನೆಯ ಯಜಮಾನಿ ಕೊಟ್ಟ ಬೇರುನಾರಿನ ಪಾನಕ ಕುಡಿದು ಮೆಚ್ಚಿ, ಅದನ್ನೇ ‘ರೂಟ್ ಬಿಯರ್’ ಎಂಬ ಹೆಸರಿನಲ್ಲಿ ಮಾರಾಟಕ್ಕಿಟ್ಟನೆಂಬ ಕಥೆಯಿದೆ. 1876ರ ಫಿಲಡೆಲ್ಫಿಯಾ ಮಹಾ ಪ್ರದರ್ಶನದಿಂದ ಅದು ಮನೆಮಾತಾಯಿತು. ಆ ಯಜಮಾನಿಯ ಹೆಸರು ಕಥೆಯಲ್ಲಿ ಬರುವುದಿಲ್ಲ, ಬಿಡಿ. ಇಪ್ಪತ್ತೈದು ಸೆಂಟಿನ ಒಂದು ಪೊಟ್ಟಣ ತಂದು ನೀರು, ಸಕ್ಕರೆ, ಯೀಸ್ಟ್ ಸೇರಿಸಿದರೆ ಐದು ಗ್ಯಾಲನ್ ಪಾನೀಯ. ಗೃಹಿಣಿಯರು ಉತ್ಸಾಹದಿಂದ ಕೊಂಡರು. ಅಷ್ಟರಲ್ಲಿ ಹೆಸರಿನಲ್ಲಿದ್ದ ‘ಬಿಯರ್’ ತೊಂದರೆ ತಂದಿತು. ಮನೆ ಮುರಿಯುವ ಕುಡಿತದ ವಿರುದ್ಧ 1874ರಲ್ಲಿ ಸಂಘ ಕಟ್ಟಿಕೊಂಡಿದ್ದ ಅಲ್ಲಿನ ಕ್ರೈಸ್ತ ಮಹಿಳೆಯರು 1895ರಲ್ಲಿ ಇದಕ್ಕೂ ಬಹಿಷ್ಕಾರ ಹಾಕಿದರು. ಪರೀಕ್ಷೆ ಮಾಡಿ, ಬ್ರೆಡ್ಡಿನಲ್ಲಿರುವಷ್ಟು ಮದ್ಯವೂ ಇದರಲ್ಲಿಲ್ಲವೆಂದು ತೋರಿಸುವಷ್ಟರಲ್ಲಿ ಮೂರು ವರ್ಷ ಹಿಡಿಯಿತು. ನಮ್ಮಲ್ಲಿ ಸಾರಾಯಿ ಅಂಗಡಿಗಳ ಮುಂದೆ ಕುಳಿತು ಹೋರಾಡಿದ ಹೆಂಗಸರನ್ನು ಬಲ್ಲವರಿಗೆ ಆ ಅಮೆರಿಕನ್ ಹೆಂಗಸರ ಅನುಮಾನ ಅತಿಯೆನಿಸಲಾರದು. ಹೆಸರು ಬದಲಾಯಿಸಿ ಬರುವ ಬಾಟಲಿಗಳನ್ನು ಅವರು ಎಷ್ಟು ಕಂಡಿದ್ದರೋ.

ಬೇರಿನ ನಿಜವಾದ ಅಪಾಯ ಮದ್ಯದಲ್ಲಿರಲಿಲ್ಲ. ಬೇರಿನ ತೊಗಟೆಯ ಎಣ್ಣೆಯಲ್ಲಿ ಬಹುಪಾಲು ಸಫ್ರೋಲ್ ಎಂಬ ಪದಾರ್ಥ. ಆ ಪರಿಮಳವೆಲ್ಲ ಅದರದೇ. ಇಲಿಗಳಿಗೆ ಅದನ್ನು ಸತತವಾಗಿ ತಿನ್ನಿಸಿ ನೋಡಿದಾಗ ಯಕೃತ್ತಿನಲ್ಲಿ ಕ್ಯಾನ್ಸರ್ ಗಡ್ಡೆಗಳು ಕಂಡವು. 1960ರಲ್ಲಿ ಅಮೆರಿಕ ಸರ್ಕಾರ ಸಫ್ರೋಲನ್ನೂ ಸ್ಯಾಸಫ್ರಾಸ್ ಎಣ್ಣೆಯನ್ನೂ ಆಹಾರದಲ್ಲಿ ಬಳಸಬಾರದೆಂದು ನಿಷೇಧಿಸಿತು. ಈಗಿನ ರೂಟ್ ಬಿಯರಿನಲ್ಲಿ ಇರುವುದು ಕೃತಕ ಪರಿಮಳ ಅಥವಾ ಸಫ್ರೋಲ್ ತೆಗೆದ ಸಾರ. ನಮ್ಮ ಜಾಯಿಕಾಯಿಯಲ್ಲೂ ಒಂದಿಷ್ಟು ಸಫ್ರೋಲ್ ಇದೆ. ಆದರೆ ಹೋಳಿಗೆಯ ಹೂರಣಕ್ಕೆ ಚಿಟಿಕೆ ಜಾಯಿಕಾಯಿ ತೇಯುವುದಕ್ಕೂ ಲೋಟಗಟ್ಟಲೆ ಬೇರಿನ ಕಷಾಯ ದಿನವೂ ಕುಡಿಯುವುದಕ್ಕೂ ಇರುವ ಅಂತರ ಅಡುಗೆ ಮಾಡುವವರಿಗೆ ವಿವರಿಸಬೇಕಾಗಿಲ್ಲ. ‘ಗಿಡಮೂಲಿಕೆ, ಆದ್ದರಿಂದ ಏನೂ ಆಗುವುದಿಲ್ಲ’ ಎಂಬ ಮಾತು ನಮ್ಮ ಮನೆಗಳಲ್ಲೂ ಬಹಳ ಸಲೀಸಾಗಿ ಓಡಾಡುತ್ತದೆ. ಅಮೆರಿಕದಲ್ಲಿ ಈಗಲೂ ಕೆಲವರು ಅಜ್ಜಿ ಕುಡಿದು ತೊಂಬತ್ತು ಬಾಳಿದಳೆಂದು ಬೇರು ಕುದಿಸುತ್ತಾರೆ. ಗರ್ಭಿಣಿಯರು ಮತ್ತು ಮಕ್ಕಳ ಹತ್ತಿರಕ್ಕಂತೂ ಅದು ಸುಳಿಯಬಾರದು.

ಬೆಳೆಸುವ ವಿಷಯ ಹೇಳದಿದ್ದರೆ ಮರಕ್ಕೆ ಅನ್ಯಾಯವಾದೀತು. ಅಲ್ಲಿನವರು ಇದನ್ನು ಮನೆಯ ಮುಂದೆ ಬೆಳೆಸುವುದು ಹೆಚ್ಚಾಗಿ ಚೆಲುವಿಗಾಗಿಯೇ. ಎಲೆ ಉದುರುವ ಕಾಲದಲ್ಲಿ ಹಳದಿ, ಕಿತ್ತಳೆ, ಕುಂಕುಮ ಬಣ್ಣಗಳು ಒಂದೇ ಮರದಲ್ಲಿ ಹೊತ್ತಿಕೊಳ್ಳುತ್ತವೆ. ಬೇಲಿಯಲ್ಲಿ ಹತ್ತಾರು ಸಸಿ ಕಂಡು ಒಂದನ್ನು ಕಿತ್ತು ನೆಟ್ಟರೆ ಸಾಮಾನ್ಯವಾಗಿ ಸಾಯುತ್ತದೆ. ಅವು ಬಿಡಿ ಸಸಿಗಳಲ್ಲ, ತಾಯಿಮರದ ಬೇರಿನಿಂದಲೇ ಎದ್ದ ಕಂದುಗಳು. ಅವಕ್ಕೆ ಸ್ವಂತ ಬೇರು ಇಲ್ಲವೆನ್ನುವಷ್ಟು ಕಡಿಮೆ. ಬೀಜದ ಸಸಿಯಾದರೆ ತಾಯಿಬೇರು ಆಳಕ್ಕಿಳಿದಿರುತ್ತದೆ, ಅದು ತುಂಡಾದರೆ ಮುಗಿಯಿತು. ಆದ್ದರಿಂದ ನರ್ಸರಿಯಲ್ಲಿ ಕುಂಡದಲ್ಲಿ ಬೆಳೆಸಿದ ಎಳೆಯ ಗಿಡ ತಂದು, ಮತ್ತೆ ಕದಲಿಸುವ ಯೋಚನೆಯಿಲ್ಲದ ಜಾಗದಲ್ಲಿ, ನೀರು ನಿಲ್ಲದ ಹುಳಿ ಮಣ್ಣಿನಲ್ಲಿ, ಬಿಸಿಲಿಗೆ ನೆಡುವುದು ಕ್ಷೇಮ. ಬೀಜ ಹಾಕುವವರು ಹಣ್ಣಾದ ಕೂಡಲೇ ನೆಲಕ್ಕೆ ಹಾಕಿ ಚಳಿಗಾಲದ ವಶಕ್ಕೆ ಬಿಡುತ್ತಾರೆ, ಇಲ್ಲವೇ ಒದ್ದೆ ಮರಳಿನಲ್ಲಿ ನಾಲ್ಕು ತಿಂಗಳು ಫ್ರಿಜ್ಜಿನಲ್ಲಿಡುತ್ತಾರೆ. ಅಷ್ಟು ಚಳಿ ತಿನ್ನದೆ ಅದು ಮೊಳೆಯದು. ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಹೆಣ್ಣು ಮರದ ಕಡುನೀಲಿ ಹಣ್ಣು ಕೆಂಪು ತೊಟ್ಟಿನ ಬಟ್ಟಲಲ್ಲಿ ಕುಳಿತಿರುತ್ತದೆ, ಹಕ್ಕಿಗಳು ಒಂದನ್ನೂ ಉಳಿಸುವುದಿಲ್ಲ. ಮಡಿಸಿದ ಎಲೆಯೊಳಗೆ ದೊಡ್ಡ ಹುಸಿಗಣ್ಣುಗಳ ಹಸಿರು ಹುಳು ಸಿಕ್ಕರೆ ಹೆದರಬೇಕಾಗಿಲ್ಲ, ಅದು ಒಂದು ಚೆಂದದ ಕಪ್ಪು ಚಿಟ್ಟೆಯ ಮರಿ.

ಬೇಲಿಯ ಪೊದೆಯಾಗಿ ಕಾಣುವ ಇದು ಬಿಟ್ಟರೆ ಎಷ್ಟು ದೊಡ್ಡದಾಗುತ್ತದೆಂಬುದಕ್ಕೆ ಕೆಂಟಕಿ ರಾಜ್ಯದ ಓವೆನ್ಸ್‌ಬರೊ ಊರಿನ ಮರವೇ ಸಾಕ್ಷಿ. ನೂರು ಅಡಿಗೂ ಎತ್ತರ, ಇಪ್ಪತ್ತೊಂದು ಅಡಿ ಸುತ್ತಳತೆ. 1957ರಲ್ಲಿ ರಸ್ತೆ ಅಗಲ ಮಾಡಲು ಅದನ್ನು ಉರುಳಿಸಬೇಕೆಂದಾಯಿತು. ಯಂತ್ರಗಳು ಬಂದಾಗ ಗ್ರೇಸ್ ರ‍್ಯಾಶ್ ಎಂಬ ಗೃಹಿಣಿ ಬಂದೂಕು ಹಿಡಿದು ಮರದ ಮುಂದೆ ನಿಂತರೆಂದು, ರಾಜ್ಯಪಾಲ ಚಾಂಡ್ಲರ್ ಅವರಿಂದ ಆಜ್ಞೆ ಬರುವವರೆಗೂ ಕದಲಲಿಲ್ಲವೆಂದು ಆ ಊರಿನವರು ಹೇಳುತ್ತಾರೆ. ಮರ ಉಳಿಯಿತು, ಅದರ ಬುಡಕ್ಕೆ ಗೋಡೆ ಕಟ್ಟಿಸಿ ರಸ್ತೆಯನ್ನು ಪಕ್ಕಕ್ಕೆ ಹಾಯಿಸಿದರು. ನಮ್ಮ ಊರುಗಳಲ್ಲಿ ರಸ್ತೆಗೆಂದು ಸಾಲುಮರಗಳು ಉರುಳಿದಾಗ ನಾವು ಕಿಟಕಿಯಿಂದ ನೋಡುತ್ತಾ ನಿಂತಿರುತ್ತೇವಲ್ಲ, ಆಗ ಈ ಹೆಂಗಸಿನ ನೆನಪಾಗುತ್ತದೆ.

ಈಗ ಬಂದಿರುವ ಕಂಟಕಕ್ಕೆ ಬಂದೂಕು ಸಾಲದು. 2002ರಲ್ಲಿ ಜಾರ್ಜಿಯಾದ ಬಂದರೊಂದರ ಬಳಿ ಏಷ್ಯಾದ ಒಂದು ಪುಟ್ಟ ದುಂಬಿ ಕಾಣಿಸಿಕೊಂಡಿತು. ಭಾರತವೂ ಅದರ ತವರೂರುಗಳಲ್ಲೊಂದು. ಸಾಮಾನು ತುಂಬಿದ ಮರದ ಪೆಟ್ಟಿಗೆಗಳಲ್ಲಿ ಅಡಗಿ ಬಂದಿರಬೇಕು. ಅದು ಮರ ಕೊರೆಯುವಾಗ ತನ್ನ ಜೊತೆ ತಂದ ಶಿಲೀಂಧ್ರ ಮರದೊಳಗೆ ಹಬ್ಬಿ, ನೀರು ಏರುವ ನಾಳಗಳು ಮುಚ್ಚಿಹೋಗಿ ಇಡೀ ಮರ ಬಾಡಿ ಸಾಯುತ್ತದೆ. ಸ್ಯಾಸಫ್ರಾಸಿನದು ಬೇರಿನಿಂದ ಬೇರಿಗೆ ಹೆಣೆದ ಸಂಸಾರವಾದ್ದರಿಂದ ಒಂದಕ್ಕೆ ಬಂದದ್ದು ಗುಂಪಿಗೇ ಬರುತ್ತದೆ. ಅದಕ್ಕೇ ಅಲ್ಲಿ ಸೌದೆಯನ್ನು ಊರಿಂದೂರಿಗೆ ಸಾಗಿಸಬೇಡಿ ಎಂದು ಕೇಳಿಕೊಳ್ಳುತ್ತಾರೆ. ಇಲ್ಲಿಂದ ಮಕ್ಕಳ ಮನೆಗೆ ಹೋಗಿ ಬರುವ ನಮ್ಮಂಥವರೂ ಪೆಟ್ಟಿಗೆಯ ಮೂಲೆಯಲ್ಲಿ ಬೇರು, ಕಡ್ಡಿ, ಬೀಜ ಸೇರಿಸಿ ತರುವ ಆಸೆ ಬಿಡಬೇಕು. ಎರಡೂ ದೇಶಗಳಲ್ಲಿ ಅದಕ್ಕೆ ಪರವಾನಗಿ ಬೇಕು.

ಇಷ್ಟೆಲ್ಲ ಬರೆದದ್ದು ಬೇರಿನ ಸಮಾಚಾರ, ಮರದ ಸಮಾಚಾರ. ಎಲೆಯದ್ದು ಹೇಳಲೇ ಇಲ್ಲ. ಪುಸ್ತಕಗಳಲ್ಲೂ ಹೀಗೇ, ಬೇರಿಗೆ ಹತ್ತು ಪುಟವಾದರೆ ಎಲೆಗೆ ಒಂದು ಪ್ಯಾರಾ. ಎಲೆಯಲ್ಲಿ ಸಫ್ರೋಲ್ ಇಲ್ಲವೆನ್ನುವಷ್ಟು ಕಡಿಮೆ, ಆದ್ದರಿಂದ ನಿಷೇಧ ಅದನ್ನು ಮುಟ್ಟಲಿಲ್ಲ. ಎಲೆಯನ್ನು ಅಡುಗೆಗೆ ತಂದವರು ಚಾಕ್ಟಾ ಎಂಬ ಮೂಲನಿವಾಸಿಗಳು. 1830ರ ಒಪ್ಪಂದದ ಹೆಸರಿನಲ್ಲಿ ಅವರ ಮಿಸಿಸಿಪ್ಪಿಯ ನೆಲ ಕಿತ್ತುಕೊಂಡು, ಸಾವಿರಾರು ಮಂದಿಯನ್ನು ಚಳಿಯಲ್ಲಿ ಹಸಿವಿನಲ್ಲಿ ಪಶ್ಚಿಮಕ್ಕೆ ಅಟ್ಟಿದರು. ದಾರಿಯಲ್ಲೇ ಸತ್ತವರು ಬಹಳ. ಕೆಲವರು ಮಾತ್ರ ಲೂಯಿಸಿಯಾನದ ಪಾಂಚರ್‌ಟ್ರೇನ್ ಸರೋವರದ ಉತ್ತರ ದಂಡೆಯ ಕಾಡುಗಳಲ್ಲಿ ಉಳಿದುಕೊಂಡರು. ಆ ಮನೆಗಳ ಹೆಂಗಸರು ಎಲೆ ಕೊಯ್ದು ಒಣಗಿಸಿ, ಮರದ ಒರಳಲ್ಲಿ ಕುಟ್ಟಿ, ಜರಡಿ ಹಿಡಿದು, ಬುಟ್ಟಿಯಲ್ಲಿ ಹೊತ್ತು ನ್ಯೂ ಆರ್ಲಿಯನ್ಸಿನ ಪೇಟೆಗೆ ಬಂದು ಮಾರುತ್ತಿದ್ದರು. 1909ರಲ್ಲಿ ಡೇವಿಡ್ ಬುಶ್ನೆಲ್ ಎಂಬ ವಿದ್ವಾಂಸ ಅವರ ಬಗ್ಗೆ ಬರೆದಾಗ ಉಳಿದಿದ್ದದ್ದು ಬೆರಳೆಣಿಕೆಯ ಕುಟುಂಬಗಳು. ಆದರೆ ಅವರ ಪುಡಿ ಆ ಊರಿನ ಎಲ್ಲ ಅಡುಗೆಮನೆಗಳನ್ನೂ ಹೊಕ್ಕಿತ್ತು.

ಪುಡಿಗೆ ಅಲ್ಲಿ ‘ಫಿಲೆ’ ಎಂದು ಹೆಸರು. ಫ್ರೆಂಚಿನಲ್ಲಿ ನೂಲುವುದು ಎಂಬ ಅರ್ಥದ ಮಾತಿನಿಂದ ಬಂದದ್ದು. ಅದನ್ನು ಹಾಕುವುದು ಗಂಬೋ ಎಂಬ ಗಟ್ಟಿ ಸಾರಿಗೆ. ಗಂಬೋ ಎಂಬ ಹೆಸರು ಆಫ್ರಿಕಾದ ಭಾಷೆಯಲ್ಲಿ ಬೆಂಡೆಕಾಯಿಗಿದ್ದ ಹೆಸರಿನಿಂದ ಬಂತೆಂದು ಬಹುಮಂದಿ ಹೇಳುತ್ತಾರೆ. ಗುಲಾಮರಾಗಿ ಬಂದ ಆಫ್ರಿಕಾದ ಹೆಂಗಸರು ಸಾರು ಗಟ್ಟಿಯಾಗಲು ಬೆಂಡೆಯ ಲೋಳೆ ಬಳಸಿದರು, ಚಾಕ್ಟಾ ಹೆಂಗಸರು ಈ ಎಲೆಯ ಲೋಳೆ ಬಳಸಿದರು. ಒಂದೇ ಪಾತ್ರೆಗೆ ಎರಡೂ ಬಂದು ಸೇರಿದವು. ಗಂಬೋಗೆ ಮೀನು, ಸಿಗಡಿ, ಕೋಳಿ ಸಾಮಾನ್ಯ. ಆದರೆ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಿಗೆ ಏಳೋ ಒಂಬತ್ತೋ ಬಗೆಯ ಸೊಪ್ಪಿನ ಗಂಬೋ ಇದೆ, ನಮ್ಮ ಬೆರಕೆ ಸೊಪ್ಪಿನ ಸಾರಿನ ಅಕ್ಕ. ನ್ಯೂ ಆರ್ಲಿಯನ್ಸಿನ ಹೆಸರಾಂತ ಅಡುಗೆಯವರಾದ ಲಿಯಾ ಚೇಸ್, 2019ರಲ್ಲಿ ತೀರಿಕೊಂಡವರು, ತಮ್ಮ ಸೊಪ್ಪಿನ ಗಂಬೋಗೆ ಮಾಂಸವನ್ನೂ ಹಾಕುತ್ತಿದ್ದರು, ಕೊನೆಯಲ್ಲಿ ಫಿಲೆಯನ್ನೂ.

ಮನೆಯಲ್ಲಿ ಮರವಿದ್ದವರು ಪುಡಿಯನ್ನು ತಾವೇ ಮಾಡಿಕೊಳ್ಳಬಹುದು. ಎಳೆಯದಾಗಿಯೂ ಇರದ, ಬಲಿತೂ ಹೋಗದ ಎಲೆ ಆರಿಸಿ, ಬಿಸಿಲಿಗೆ ಹಾಕದೆ ನೆರಳಿನಲ್ಲಿ ಗರಿಗರಿಯಾಗಿ ಒಣಗಿಸಬೇಕು. ತೊಟ್ಟು ನಾರು ತೆಗೆದು, ಮಿಕ್ಸಿಗೆ ಹಾಕಿ, ತೆಳುಬಟ್ಟೆಯಲ್ಲಿ ಸೋಸಿ ಗಾಳಿಯಾಡದ ಡಬ್ಬಿಯಲ್ಲಿಡಬೇಕು. ಕುದಿಯುವ ಸಾರಿಗೆ ಹಾಕಿದರೆ ಅಂಟಂಟಾಗಿ ನೂಲು ನೂಲು ಎಳೆಯುತ್ತದೆ, ಹೆಸರಿನ ಗುಟ್ಟು ಅದೇ. ಒಲೆಯಿಂದ ಇಳಿಸಿ ಕುದಿ ನಿಂತ ಮೇಲೆ ಉದುರಿಸಿ ಕದಡಬೇಕು. ಅಲ್ಲಿನ ಜಾಣೆಯರು ಪಾತ್ರೆಗೆ ಹಾಕುವುದೇ ಇಲ್ಲ. ಡಬ್ಬಿಯನ್ನು ಊಟದ ಮೇಜಿನ ಮೇಲೆ ಇಟ್ಟುಬಿಡುತ್ತಾರೆ, ತಮ್ಮ ತಮ್ಮ ಬಟ್ಟಲಿಗೆ ಬೇಕಾದವರು ಬೇಕಾದಷ್ಟು ಉದುರಿಸಿಕೊಳ್ಳುತ್ತಾರೆ. ಉಳಿದ ಗಂಬೋವನ್ನು ಮರುದಿನ ಬಿಸಿ ಮಾಡಲು ಆಗ ತೊಂದರೆಯಿಲ್ಲ.